ಮೂರನೆಯ ಸರ್ವರ್ ಏಕೆ ಬೇಕು

ಒಂದು ಸರ್ವರ್ ಕೆಟ್ಟರೆ ಇನ್ನೊಂದು ಕೆಲಸ ಮುಂದುವರಿಸಲಿ ಎಂದು ಎರಡನ್ನು ಇಟ್ಟುಕೊಂಡರೆ ಸೇವೆ ನಿಲ್ಲುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಹಳ ಗಟ್ಟಿಯಾಗಿದೆ. ಮೈಸೂರು, ಮಂಡ್ಯಗಳ ಸಣ್ಣ ಸಾಫ್ಟ್‌ವೇರ್ ಸಂಸ್ಥೆಗಳ ಯೋಜನೆಗಳಲ್ಲಿಯೂ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಕೊನೆಯ ವರ್ಷದ ಪ್ರಾಜೆಕ್ಟ್ ವರದಿಗಳಲ್ಲಿಯೂ ಇದು ರುಜುವಾತೇ ಬೇಡದ ಮಾತಿನಂತೆ ಬಂದುಬಿಡುತ್ತದೆ. ಎಲ್ಲಿಯಾದರೂ ಕೌಂಟರಿನ ಮುಂದೆ ನಿಂತು ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಉತ್ತರ ಕೇಳಿದವರು ಕೂಡ, ಇನ್ನೊಂದು ಸರ್ವರ್ ಇಟ್ಟುಕೊಳ್ಳಬಾರದೇ ಎಂದೇ ಗೊಣಗುತ್ತಾರೆ. ಮೆಸೇಜಿಂಗ್ ಸೇವೆಯ ಮಟ್ಟಿಗೆ ಈ ನಂಬಿಕೆ ತಪ್ಪು. ಅದು ಏಕೆ ತಪ್ಪು ಎಂದು ಹುಡುಕುತ್ತ ಹೋದರೆ ಕಂಪ್ಯೂಟರ್ ವಿಜ್ಞಾನದ ಅತ್ಯಂತ ಸುಂದರವಾದ ವಿಚಾರಗಳಲ್ಲೊಂದು ನಮಗೆ ಸಿಗುತ್ತದೆ.

ಮಂಡ್ಯ ಜಿಲ್ಲೆಯ ಹಾಲು ಉತ್ಪಾದಕರ ಸಹಕಾರ ಸಂಘಗಳಿಗಾಗಿ ಒಂದು ಮೆಸೇಜಿಂಗ್ ಸೇವೆಯನ್ನು ಕಟ್ಟುತ್ತಿದ್ದೇವೆ ಎಂದುಕೊಳ್ಳೋಣ. ಬಟವಾಡೆಯ ದಿನ, ಪಶು ಆಹಾರದ ದಾಸ್ತಾನು, ಪಶುವೈದ್ಯರು ಊರಿಗೆ ಬರುವ ಸಮಯ ಇವೆಲ್ಲ ಅದರಲ್ಲಿ ಓಡಾಡುತ್ತವೆ. ಒಂದು ಸರ್ವರ್ ಮೈಸೂರಿನಲ್ಲಿದೆ, ಇನ್ನೊಂದು ಬೆಂಗಳೂರಿನಲ್ಲಿದೆ. ಒಂದಕ್ಕೆ ಬಂದ ಪ್ರತಿಯೊಂದು ಮೆಸೇಜ್ ಇನ್ನೊಂದಕ್ಕೂ ನಕಲಾಗುತ್ತದೆ. ಮೈಸೂರಿನದು ಕೆಲವು ಸೆಕೆಂಡು ಉತ್ತರಿಸದಿದ್ದರೆ ಬೆಂಗಳೂರಿನದು ಹೊಣೆ ವಹಿಸಿಕೊಳ್ಳುತ್ತದೆ. ಈಗ ರಸ್ತೆ ಅಗೆಯುವ ಜೆಸಿಬಿಯೊಂದು ಎರಡೂ ಊರುಗಳ ನಡುವಣ ಕೇಬಲ್ಲನ್ನು ಕಡಿಯಿತು. ಎರಡು ಸರ್ವರ್‌ಗಳೂ ಜೀವಂತವಾಗಿವೆ, ಆದರೆ ಎದುರಿನದು ಸತ್ತಿದೆ ಎಂದು ಎರಡೂ ತೀರ್ಮಾನಿಸುತ್ತವೆ, ಎರಡೂ ತಾವೇ ಯಜಮಾನರಂತೆ ಮೆಸೇಜ್ ಸ್ವೀಕರಿಸತೊಡಗುತ್ತವೆ. ಸಂಘದ ಕಾರ್ಯದರ್ಶಿ ಬಟವಾಡೆ ಮುಂದಕ್ಕೆ ಹೋಗಿದೆ ಎಂದು ಬರೆದದ್ದು ಅರ್ಧ ಸದಸ್ಯರಿಗೆ ಮಾತ್ರ ತಲುಪುತ್ತದೆ. ಬೆಂಗಳೂರಿನ ಕಡೆಯಿಂದ ಗುಂಪಿನಿಂದ ತೆಗೆದುಹಾಕಿದ ವ್ಯಕ್ತಿ ಮೈಸೂರಿನ ಕಡೆಯಲ್ಲಿ ಎಲ್ಲರ ಮಾತನ್ನೂ ಓದುತ್ತಲೇ ಇರುತ್ತಾನೆ. ಕೇಬಲ್ ಮತ್ತೆ ಕೂಡಿದಾಗ 5001ನೆಯ ಮೆಸೇಜ್ ಎಂಬ ಹೆಸರಿನಲ್ಲಿ ಎರಡು ಬೇರೆ ಬೇರೆ ಮೆಸೇಜ್‌ಗಳಿರುತ್ತವೆ, ಮತ್ತು ಯಾವುದು ನಿಜವಾದ ಇತಿಹಾಸ ಎಂದು ಹೇಳಬಲ್ಲವರು ಯಾರೂ ಇರುವುದಿಲ್ಲ. ಈ ಅವಸ್ಥೆಯನ್ನು ಸ್ಪ್ಲಿಟ್ ಬ್ರೈನ್ ಎನ್ನುತ್ತಾರೆ. ಸೇವೆ ಒಂದು ಗಂಟೆ ನಿಂತುಹೋಗುವುದಕ್ಕಿಂತ ಇದು ಕೆಟ್ಟದ್ದು ಎಂಬುದು ನನ್ನ ಖಚಿತವಾದ ಅಭಿಪ್ರಾಯ. ನಿಂತದ್ದನ್ನು ಮತ್ತೆ ಆರಂಭಿಸಬಹುದು, ಎರಡಾಗಿ ಕವಲೊಡೆದ ಸಂಭಾಷಣೆಯನ್ನು ಯಾವ ತಂತ್ರಾಂಶವೂ ಸರಿಯಾಗಿ ಹೊಲಿದುಕೊಡಲಾರದು.

ಇದರ ಬೇರು ಇರುವುದು ಮೌನದಲ್ಲಿ. ಎದುರಿನ ಯಂತ್ರ ಸತ್ತಿದ್ದರೂ, ಕೆಲಸದ ಭಾರದಿಂದ ನಿಧಾನವಾಗಿದ್ದರೂ, ನಡುವಣ ದಾರಿ ಕಡಿದಿದ್ದರೂ ನಮಗೆ ಕಾಣುವ ಲಕ್ಷಣ ಒಂದೇ: ಉತ್ತರ ಬರುವುದಿಲ್ಲ. 1985ರಲ್ಲಿ ಮೈಕೆಲ್ ಫಿಶರ್, ನ್ಯಾನ್ಸಿ ಲಿಂಚ್ ಮತ್ತು ಮೈಕೆಲ್ ಪ್ಯಾಟರ್ಸನ್ ಅವರು ಈ ತೊಡಕನ್ನು ಗಣಿತದ ಪ್ರಮೇಯವಾಗಿಯೇ ನಿಲ್ಲಿಸಿದರು. ಮೆಸೇಜ್‌ಗಳು ಎಷ್ಟು ಬೇಕಾದರೂ ತಡವಾಗಬಹುದಾದ ಜಾಲದಲ್ಲಿ, ಒಂದೇ ಒಂದು ಯಂತ್ರ ಕೈಕೊಡುವ ಸಾಧ್ಯತೆಯಿದ್ದರೂ, ಉಳಿದವು ಖಂಡಿತವಾಗಿಯೂ ಒಮ್ಮತಕ್ಕೆ ಬಂದೇ ತೀರುತ್ತವೆ ಎಂದು ಭರವಸೆ ಕೊಡಬಲ್ಲ ನಿಶ್ಚಿತ ವಿಧಾನ ಯಾವುದೂ ಇಲ್ಲ ಎಂದು ಅವರು ಸಾಧಿಸಿದರು. ಇದನ್ನು ಓದಿ ಕೈಚೆಲ್ಲಬೇಕಾಗಿಲ್ಲ. ತೀರ್ಮಾನ ಯಾವಾಗ ಆಗುತ್ತದೆ ಎಂಬುದಕ್ಕೆ ಭರವಸೆ ಸಿಗದಿದ್ದರೂ, ಆದ ತೀರ್ಮಾನಗಳು ಒಂದಕ್ಕೊಂದು ವಿರುದ್ಧವಾಗದಂತೆ ಎಂದೆಂದಿಗೂ ಕಾಪಾಡಿಕೊಳ್ಳಬಹುದು ಎಂಬ ದಾರಿಯನ್ನು ಆ ಪ್ರಮೇಯ ಮುಚ್ಚಲಿಲ್ಲ.

ಆ ದಾರಿಯ ಹೆಸರು ಬಹುಮತ. ಹಾಲಿನ ಸಂಘದ ಆಡಳಿತ ಮಂಡಳಿಯ ಸಭೆಯನ್ನು ನೆನೆಸಿಕೊಳ್ಳಿ. ಲೆಕ್ಕ ಸುಲಭವಾಗಲೆಂದು ಐವರೇ ನಿರ್ದೇಶಕರು ಎಂದಿಟ್ಟುಕೊಳ್ಳೋಣ, ಮೂವರು ಸೇರದೆ ಕೋರಂ ಆಗುವುದಿಲ್ಲ, ಕೋರಂ ಇಲ್ಲದೆ ನಿರ್ಣಯ ಬರೆಯುವಂತಿಲ್ಲ. ಸೋಮವಾರ ಯಾರೋ ಮೂವರು ಸೇರಿ ಒಂದು ನಿರ್ಣಯ ಮಾಡಿದರು. ಗುರುವಾರ ಮತ್ತೆ ಯಾರೋ ಮೂವರು ಸೇರಿದರು. ಐವರಲ್ಲಿ ಮೂವರನ್ನು ಎರಡು ಸಲ ಹೇಗೆ ಆರಿಸಿದರೂ ಎರಡು ಸಭೆಗಳಲ್ಲಿಯೂ ಹಾಜರಿದ್ದ ಒಬ್ಬ ನಿರ್ದೇಶಕರಾದರೂ ಇದ್ದೇ ಇರುತ್ತಾರೆ. ಸೋಮವಾರದ ನಿರ್ಣಯದ ನೆನಪನ್ನು ಅವರು ಗುರುವಾರದ ಸಭೆಗೆ ಹೊತ್ತು ತರುತ್ತಾರೆ, ಆದ್ದರಿಂದ ಎರಡನೆಯ ಸಭೆ ಮೊದಲನೆಯದನ್ನು ತಿಳಿಯದೆ ಅದಕ್ಕೆ ವಿರುದ್ಧವಾಗಿ ಬರೆಯಲು ಸಾಧ್ಯವೇ ಇಲ್ಲ. ಇನ್ನೂ ಮುಖ್ಯವಾದದ್ದು, ಊರು ಎರಡು ಪಕ್ಷವಾಗಿ ಒಡೆದು ಒಂದೇ ದಿನ ಎರಡು ಕಡೆ ಸಭೆ ಕರೆದರೂ, ಎರಡೂ ಕಡೆ ಕೋರಂ ಆಗುವುದು ಅಸಾಧ್ಯ. ಇಬ್ಬರೇ ಇರುವ ಪಕ್ಷ ನಿರ್ಣಯ ಪುಸ್ತಕವನ್ನು ಮುಟ್ಟದೆ ಎದ್ದು ಹೋಗಬೇಕು. ಹೊರಗೆ ನಿಜವಾಗಿ ಏನಾಗಿದೆ, ಬಾರದವರು ಏಕೆ ಬರಲಿಲ್ಲ, ಅವರು ಬೇರೆ ಕಡೆ ಸೇರಿದ್ದಾರೆಯೇ ಎಂಬುದು ಯಾರಿಗೂ ತಿಳಿಯಬೇಕಾಗಿಲ್ಲ, ಇಲ್ಲಿ ಎಷ್ಟು ಜನ ಇದ್ದೇವೆ ಎಂದು ಎಣಿಸಿಕೊಂಡರೆ ಸಾಕು. ಮೌನದ ಅರ್ಥವೇನೆಂಬ ಬಿಡಿಸಲಾಗದ ಪ್ರಶ್ನೆಯನ್ನು ಬಿಟ್ಟು, ನಾವು ಎಷ್ಟು ಮಂದಿ ಎಂಬ ಸುಲಭವಾದ ಪ್ರಶ್ನೆಯನ್ನು ಕೇಳಿಕೊಳ್ಳುವ ಈ ಜಾಣ್ಮೆಯನ್ನು ನಾನು ಎಷ್ಟು ಮೆಚ್ಚಿದರೂ ಸಾಲದು.

ಎರಡು ಸರ್ವರ್‌ಗಳಲ್ಲಿ ಬಹುಮತ ಎಂದರೆ ಎರಡೂ. ಹಾಗಾಗಿ ಒಂದು ಕೆಟ್ಟರೂ ಸೇವೆ ನಿಲ್ಲಬೇಕು. ಪ್ರತಿಯೊಂದು ಯಂತ್ರವೂ ಶೇ. 99ರಷ್ಟು ಕಾಲ ಸರಿಯಾಗಿರುತ್ತದೆ, ಒಂದರ ಕೇಡಿಗೂ ಇನ್ನೊಂದರದಕ್ಕೂ ಸಂಬಂಧವಿಲ್ಲ ಎಂದು ಭಾವಿಸಿ ಲೆಕ್ಕ ಹಾಕಿದರೆ ಫಲಿತಾಂಶ ಕಣ್ಣು ತೆರೆಸುತ್ತದೆ. ಒಂದೇ ಸರ್ವರ್ ಇದ್ದಾಗ ವರ್ಷಕ್ಕೆ ಸುಮಾರು 88 ಗಂಟೆ ಸೇವೆ ಇರುವುದಿಲ್ಲ. ಎರಡೂ ಒಪ್ಪಬೇಕೆಂಬ ಎರಡು ಸರ್ವರ್‌ಗಳಲ್ಲಿ ಅದು 174 ಗಂಟೆಗೆ ಏರುತ್ತದೆ, ಅಂದರೆ ಒಂದೇ ಇದ್ದುದಕ್ಕಿಂತ ಕೆಟ್ಟಿತು. ಮೂರರಲ್ಲಿ ಎರಡು ಸಾಕು ಎಂದಾಗ ಮಾತ್ರ ಅದು ಥಟ್ಟನೆ 2.6 ಗಂಟೆಗೆ ಇಳಿಯುತ್ತದೆ. ನಾಲ್ಕನೆಯದನ್ನು ಸೇರಿಸಿ ಹೆಮ್ಮೆಪಡುವವರಿದ್ದಾರೆ. ನಾಲ್ಕರಲ್ಲಿ ಬಹುಮತಕ್ಕೆ ಮೂರು ಬೇಕು, ಆದ್ದರಿಂದ ಅಲ್ಲಿಯೂ ಒಂದರ ಕೇಡನ್ನು ಮಾತ್ರ ತಾಳಿಕೊಳ್ಳಬಹುದು, ಖರ್ಚು ಮಾತ್ರ ಹೆಚ್ಚು. ಎರಡರ ಕೇಡನ್ನು ತಾಳಬೇಕಾದರೆ ಐದು ಬೇಕು. ಎರಡೇ ಯಂತ್ರಗಳಿಂದ ಹೇಗಾದರೂ ನಿಭಾಯಿಸಬೇಕೆಂದವರು ಇನ್ನೊಂದು ಉಪಾಯವನ್ನೂ ಕಂಡುಕೊಂಡಿದ್ದಾರೆ: ಹೊಣೆ ವಹಿಸಿಕೊಳ್ಳುವ ಮೊದಲು ಎದುರಿನದರ ವಿದ್ಯುತ್ತನ್ನೇ ಕಡಿದುಬಿಡುವುದು. ಒಂದೇ ಕೋಣೆಯಲ್ಲಿರುವ ಯಂತ್ರಗಳಿಗೆ ಅದು ಸರಿ. ಮೈಸೂರಿನಿಂದ ಬೆಂಗಳೂರಿಗೆ ಆ ಆದೇಶ ಹೋಗಬೇಕಾದದ್ದು, ಈಗಾಗಲೇ ಕಡಿದು ಬಿದ್ದಿರುವ ಅದೇ ಕೇಬಲ್ಲಿನಲ್ಲಿ.

ಬಹುಮತದಿಂದ ಒಮ್ಮತ ಸಾಧಿಸುವ ವಿಧಾನವನ್ನು ಪೂರ್ತಿಯಾಗಿ ರೂಪಿಸಿದವರಲ್ಲಿ ಬಾರ್ಬರಾ ಲಿಸ್ಕೊವ್ ಮತ್ತು ಬ್ರಯನ್ ಓಕಿ ಅವರ ಹೆಸರನ್ನು ಮೊದಲು ಹೇಳಬೇಕು. ಅವರ ಪ್ರಬಂಧ 1988ರದು. ಲೆಸ್ಲಿ ಲ್ಯಾಂಪೋರ್ಟ್ ಸ್ವತಂತ್ರವಾಗಿ ಇದೇ ವಿಚಾರಕ್ಕೆ ತಲುಪಿ, ಕಾಲ್ಪನಿಕ ಗ್ರೀಕ್ ದ್ವೀಪವೊಂದರ ಶಾಸನಸಭೆಯ ಕಥೆಯ ರೂಪದಲ್ಲಿ ಅದನ್ನು ಬರೆದು 1990ರಲ್ಲಿ ಪತ್ರಿಕೆಗೆ ಕಳುಹಿಸಿದರು. ಅದು ಅಚ್ಚಾದದ್ದು 1998ರಲ್ಲಿ. ಪ್ಯಾಕ್ಸೋಸ್ ಎಂಬ ಆ ವಿಧಾನ ಓದುಗರಿಗೆ ಕಠಿಣವೆನಿಸಿದ್ದರಿಂದ, ಅರ್ಥವಾಗುವುದನ್ನೇ ಮುಖ್ಯ ಗುರಿಯಾಗಿಟ್ಟುಕೊಂಡು ಡಿಯಾಗೊ ಒಂಗಾರೊ ಮತ್ತು ಜಾನ್ ಔಸ್ಟರ್‌ಹೌಟ್ 2014ರಲ್ಲಿ ರಾಫ್ಟ್ ಎಂಬುದನ್ನು ಪ್ರಕಟಿಸಿದರು. ಇಂದು ಸಣ್ಣ ತಂಡವೊಂದು ಕ್ಲಸ್ಟರ್, ಅಂದರೆ ಒಂದಾಗಿ ಕೆಲಸ ಮಾಡುವ ಸರ್ವರ್‌ಗಳ ಗುಂಪು, ಕಟ್ಟುವಾಗ ತಿಳಿದೋ ತಿಳಿಯದೆಯೋ ಬಳಸುವುದು ಬಹುಮಟ್ಟಿಗೆ ಇದನ್ನೇ. ಮೆಸೇಜ್‌ಗಳ ಸರದಿಯನ್ನು ನಡೆಸುವ ರ‍್ಯಾಬಿಟ್‌ಎಂಕ್ಯು ತಂತ್ರಾಂಶದ ಕೋರಂ ಕ್ಯೂಗಳ ಒಳಗೆ ಇರುವುದೂ ರಾಫ್ಟ್.

ಅದರಲ್ಲಿ ಒಂದು ಸರ್ವರ್ ಲೀಡರ್ ಆಗಿರುತ್ತದೆ. ತಾನಿದ್ದೇನೆ ಎಂದು ಅದು ಉಳಿದವಕ್ಕೆ ಮತ್ತೆ ಮತ್ತೆ ಹಾರ್ಟ್‌ಬೀಟ್ ಕಳುಹಿಸುತ್ತದೆ. ಅದು ನಿಂತಾಗ ಉಳಿದವು ಸ್ವಲ್ಪ ಕಾದು, ಇದು ಎಷ್ಟನೆಯ ಚುನಾವಣೆ ಎಂದು ಎಣಿಸುವ ತಮ್ಮ ಅವಧಿಸಂಖ್ಯೆಯನ್ನು ಒಂದು ಏರಿಸಿಕೊಂಡು, ಮತ ಕೇಳುತ್ತವೆ. ಎಲ್ಲವೂ ಒಂದೇ ಗಳಿಗೆಯಲ್ಲಿ ಮತ ಕೇಳಿ ಮತಗಳು ಹಂಚಿಹೋಗದಿರಲೆಂದು ಪ್ರತಿಯೊಂದೂ ಕಾಯುವ ಅವಧಿಯನ್ನು ಯಾದೃಚ್ಛಿಕವಾಗಿ ಆರಿಸಿಕೊಳ್ಳುತ್ತದೆ. ಮೂಲ ಪ್ರಬಂಧ ಸೂಚಿಸಿದ್ದು 150ರಿಂದ 300 ಮಿಲಿಸೆಕೆಂಡು. ಸಂಪರ್ಕ ಕಡಿದು ಒಂಟಿಯಾದ ಹಳೆಯ ಲೀಡರ್ ತಾನಿನ್ನೂ ಲೀಡರ್ ಎಂದೇ ನಂಬಿಕೊಂಡಿರಬಹುದು, ಆದರೆ ಬಹುಮತದ ಒಪ್ಪಿಗೆಯಿಲ್ಲದೆ ಒಂದು ಮೆಸೇಜನ್ನೂ ಅದು ಅಂತಿಮಗೊಳಿಸಲಾರದು, ಮತ್ತು ಸಂಪರ್ಕ ಮರಳಿದಾಗ ದೊಡ್ಡ ಅವಧಿಸಂಖ್ಯೆಯನ್ನು ಕಂಡೊಡನೆ ಸ್ಥಾನ ಬಿಟ್ಟುಕೊಡುತ್ತದೆ.

ಕಳುಹಿಸಿದ ಮೆಸೇಜಿನ ಪಕ್ಕದಲ್ಲಿ ಮೂಡುವ ಮೊದಲನೆಯ ಟಿಕ್ ಗುರುತಿನ ಅರ್ಥ ಇಲ್ಲಿ ಬಹಳ ಮುಖ್ಯವಾಗುತ್ತದೆ. ಮೆಸೇಜ್ ಲೀಡರನ್ನು ತಲುಪಿದೊಡನೆ ಟಿಕ್ ಕೊಡುವುದು ಸುಳ್ಳು ಭರವಸೆ, ಏಕೆಂದರೆ ಮರುಕ್ಷಣವೇ ಆ ಯಂತ್ರ ಕೆಟ್ಟರೆ ಮೆಸೇಜ್ ಅದರೊಂದಿಗೇ ಹೋಗುತ್ತದೆ. ಮೂರರಲ್ಲಿ ಎರಡರ ಡಿಸ್ಕಿನಲ್ಲಿ ಅದು ಬರೆಯಲ್ಪಟ್ಟ ಮೇಲೆಯೇ ಟಿಕ್ ಮೂಡಬೇಕು. ಲೀಡರನ್ನು ಆರಿಸಲು ಬಹುಮತವಿದ್ದು, ಬರೆಯುವುದಕ್ಕೆ ಬಹುಮತವಿಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ 2018ರ ಅಕ್ಟೋಬರ್ 21ರಂದು, ತಂತ್ರಾಂಶ ಬರೆಯುವವರು ತಮ್ಮ ಕೋಡ್ ಇಡುವ ಗಿಟ್‌ಹಬ್ ಸೇವೆಗೆ ಒದಗಿದ ಕಷ್ಟ ಉದಾಹರಣೆ. ಅಮೆರಿಕದ ಪೂರ್ವ ಕರಾವಳಿಯ ಅವರ ಮುಖ್ಯ ಡೇಟಾ ಸೆಂಟರಿನ ಸಂಪರ್ಕ ಕಡಿದದ್ದು ಕೇವಲ 43 ಸೆಕೆಂಡು. ಅಷ್ಟರಲ್ಲಿ ನಿಯಂತ್ರಕ ತಂತ್ರಾಂಶ ಬಹುಮತದಿಂದಲೇ ಯಜಮಾನಿಕೆಯನ್ನು ಪಶ್ಚಿಮಕ್ಕೆ ದಾಟಿಸಿತು, ಆದರೆ ಪೂರ್ವದಲ್ಲಿ ಬರೆದ ಕೆಲವು ಮಾಹಿತಿ ಪಶ್ಚಿಮಕ್ಕೆ ನಕಲಾಗಿರಲಿಲ್ಲ. ಎರಡೂ ಕಡೆ ಇನ್ನೊಂದರಲ್ಲಿಲ್ಲದ ಬರಹ ಉಳಿದುದರಿಂದ, ಅದನ್ನು ಸರಿಪಡಿಸಿ ಸೇವೆ ಮೊದಲಿನಂತಾಗಲು 24 ಗಂಟೆ 11 ನಿಮಿಷ ಬೇಕಾಯಿತು.

ಬಹುಮತಕ್ಕೆ ಕಾಯುವುದರಿಂದ ಸೇವೆ ನಿಧಾನವಾಗುತ್ತದೆ ಎಂಬ ಆತಂಕ ನಮ್ಮ ದೂರಗಳಿಗೆ ಅನ್ವಯಿಸುವುದಿಲ್ಲ. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ; ಮೈಸೂರಿನಿಂದ ಬೆಂಗಳೂರಿಗೆ ಹೋಗಿಬರಲು ಒಂದೂವರೆ ಮಿಲಿಸೆಕೆಂಡು ಸಾಕು, ನಡುವಣ ಸಲಕರಣೆಗಳು ಇನ್ನು ಕೆಲವನ್ನು ಸೇರಿಸುತ್ತವೆ ಅಷ್ಟೆ.

ಹಾಗಾದರೆ ಮೂರನೆಯ ಸರ್ವರನ್ನು ಎಲ್ಲಿ ಇಡಬೇಕು? ಮಂಡ್ಯ ಎಂದು ಹೇಳಲು ಮನಸ್ಸಾಗುತ್ತದೆ. ಆದರೆ ಮಂಡ್ಯ ಇರುವುದು ಮೈಸೂರು–ಬೆಂಗಳೂರು ದಾರಿಯ ಮೇಲೆಯೇ. ಕೇಬಲ್ ಆ ಹೆದ್ದಾರಿಯ ಪಕ್ಕದಲ್ಲಿ ಮಾತ್ರ ಇದ್ದರೆ, ಶ್ರೀರಂಗಪಟ್ಟಣದ ಬಳಿ ಒಮ್ಮೆ, ಮದ್ದೂರಿನ ಬಳಿ ಒಮ್ಮೆ ಕಡಿದಾಗ ಮೂರೂ ಒಂಟಿಯಾಗುತ್ತವೆ, ಯಾವುದಕ್ಕೂ ಬಹುಮತ ಉಳಿಯುವುದಿಲ್ಲ. ಹಾಸನದಲ್ಲಿಟ್ಟರೆ ಮಾತು ಬೇರೆ. ಮೈಸೂರಿನಿಂದ ಹೊಳೆನರಸೀಪುರದ ಕಡೆಯಿಂದ ಹಾಸನಕ್ಕೆ, ಅಲ್ಲಿಂದ ಚನ್ನರಾಯಪಟ್ಟಣ, ಕುಣಿಗಲ್ ಕಡೆಯಿಂದ ಬೆಂಗಳೂರಿಗೆ ದಾರಿಯಿರುವುದರಿಂದ ಮೂರು ಊರುಗಳು ತ್ರಿಕೋನವಾಗುತ್ತವೆ, ಒಂದು ಭುಜ ಕಡಿದರೂ ಉಳಿದೆರಡರ ಮೂಲಕ ಎಲ್ಲವೂ ಮಾತನಾಡಬಹುದು. ಎರಡು ಬೇರೆ ಕಂಪನಿಗಳಿಂದ ಇಂಟರ್ನೆಟ್ ಸಂಪರ್ಕ ಪಡೆದಿದ್ದೇವೆ ಎಂಬುದಷ್ಟೇ ಸಾಲದು; ಆ ಎರಡರ ಕೇಬಲ್ಲುಗಳೂ ಒಂದೇ ಗುಂಡಿಯಲ್ಲಿ, ಒಂದೇ ಸೇತುವೆಯ ಮೇಲೆ ಸಾಗುತ್ತವೆಯೇ ಎಂದು ಕೇಳಿ ತಿಳಿಯಬೇಕು.

ಎಲ್ಲವೂ ಒಂದನ್ನೇ ನೆಚ್ಚಿಕೊಂಡಾಗ ಎಣಿಕೆಗೆ ಬೆಲೆಯಿಲ್ಲ ಎಂಬ ಪಾಠ ಈ ಸೀಮೆಗೆ ಹೊಸದೇನಲ್ಲ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು. ಶಿವನಸಮುದ್ರದಲ್ಲಿ ಟರ್ಬೈನ್‌ಗಳನ್ನು ಎಷ್ಟು ಹೆಚ್ಚಿಸಿದರೂ ಅವೆಲ್ಲಕ್ಕೂ ನೀರು ಕೊಡುತ್ತಿದ್ದುದು ಕಾವೇರಿಯೊಂದೇ, ಬೇಸಿಗೆಯಲ್ಲಿ ನದಿ ಇಳಿದರೆ ಎಲ್ಲವೂ ಒಟ್ಟಿಗೇ ಸೊರಗುತ್ತಿದ್ದವು. 1911ರಲ್ಲಿ ಕನ್ನಂಬಾಡಿಯಲ್ಲಿ ಕಟ್ಟೆಯ ಕೆಲಸ ಆರಂಭವಾದುದಕ್ಕೆ ನೀರಾವರಿಯ ಜೊತೆಗೆ ಈ ವಿದ್ಯುತ್ತನ್ನು ವರ್ಷವಿಡೀ ಕಾಪಾಡುವುದೂ ಕಾರಣವಾಗಿತ್ತು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಮತ್ತು ವಾಟ್ಸ್ಆ್ಯಪ್ ಸುಮಾರು ಆರು ಗಂಟೆ ಜಗತ್ತಿನಾದ್ಯಂತ ನಿಂತಾಗಲೂ ಸರ್ವರ್‌ಗಳಿಗೆ ಕೊರತೆಯಿರಲಿಲ್ಲ. ನಿರ್ವಹಣೆಯ ಒಂದು ತಪ್ಪು ಆದೇಶ ಅವರ ಡೇಟಾ ಸೆಂಟರುಗಳನ್ನು ಬೆಸೆಯುವ ಬೆನ್ನೆಲುಬು ಜಾಲವನ್ನು ಕಡಿಯಿತು, ಹೆಸರಿನಿಂದ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಯಂತ್ರಗಳಿಗೆ ತಲುಪುವ ದಾರಿ ಇಂಟರ್ನೆಟ್ಟಿನಿಂದಲೇ ಮಾಯವಾಯಿತು.

ಮೆಸೇಜಿಂಗ್ ಸೇವೆಗೇ ವಿಶಿಷ್ಟವಾದ ತೊಂದರೆಯೊಂದು ಉಳಿದಿದೆ. ಫೋನ್‌ಗಳು ಸರ್ವರಿನೊಂದಿಗೆ ಸದಾ ಸಂಪರ್ಕದಲ್ಲಿರುತ್ತವೆ. ಒಂದು ಸರ್ವರ್ ಬಿದ್ದರೆ ಅದಕ್ಕೆ ಅಂಟಿಕೊಂಡಿದ್ದ ಸಾವಿರಾರು ಫೋನ್‌ಗಳು ಒಂದೇ ಕ್ಷಣದಲ್ಲಿ ಉಳಿದೆರಡರ ಮೇಲೆ ಮುಗಿಬೀಳುತ್ತವೆ. ಮೂರೂ ಶೇ. 80ರಷ್ಟು ತುಂಬಿದ್ದರೆ ಉಳಿದೆರಡರ ಪಾಲಿಗೆ ಬರುವುದು ತಲಾ ಶೇ. 120, ಅಂದರೆ ಅವೂ ಬೀಳುತ್ತವೆ. ಆದ್ದರಿಂದ ಪ್ರತಿಯೊಂದನ್ನೂ ಮೂರನೆಯ ಎರಡು ಭಾಗಕ್ಕಿಂತ ಕಡಿಮೆ ತುಂಬಬೇಕು, ಫೋನಿನ ಆ್ಯಪ್ ಪ್ರತಿ ಸಲವೂ ಹೆಚ್ಚು ಹೆಚ್ಚು ಹೊತ್ತು, ಅದೂ ಯಾದೃಚ್ಛಿಕವಾಗಿ, ಕಾದು ಮರಳಿ ಪ್ರಯತ್ನಿಸಬೇಕು. ಟಿಕ್ ಬಾರದೆ ಫೋನ್ ಅದೇ ಮೆಸೇಜನ್ನು ಮತ್ತೆ ಕಳುಹಿಸಿದಾಗ ಅದು ಎರಡು ಸಲ ಕಾಣಿಸದಿರಬೇಕಾದರೆ ಮೆಸೇಜಿನ ಗುರುತು ಸಂಖ್ಯೆ ಫೋನಿನಲ್ಲಿಯೇ ಹುಟ್ಟಬೇಕು, ಸರ್ವರಿನಲ್ಲಿ ಅಲ್ಲ.

ಮೂರು ನಕಲುಗಳಿವೆಯೆಂದು ಬ್ಯಾಕಪ್ ಬಿಡುವಂತಿಲ್ಲ. ತಪ್ಪಿ ಕೊಟ್ಟ ಅಳಿಸುವ ಆದೇಶವನ್ನು ಕ್ಲಸ್ಟರ್ ಅಷ್ಟೇ ನಿಷ್ಠೆಯಿಂದ ಬಹುಮತದೊಂದಿಗೆ ಮೂರೂ ಕಡೆ ಜಾರಿಗೊಳಿಸುತ್ತದೆ. ಬ್ಯಾಕಪ್ ಬೇರೆಡೆ ಇರಬೇಕು, ಆಗಾಗ ಅದನ್ನು ಹೊಸ ಯಂತ್ರಕ್ಕೆ ಇಳಿಸಿ ನೋಡಬೇಕು. ಸೇವೆಯನ್ನು ಜನರ ಕೈಗೆ ಕೊಡುವ ಮೊದಲು ಎರಡು ಪರೀಕ್ಷೆಗಳನ್ನಂತೂ ಮಾಡಲೇಬೇಕು. ಲೀಡರ್ ಆಗಿರುವ ಯಂತ್ರದ ವಿದ್ಯುತ್ತನ್ನು ಬೇಕೆಂದೇ ತೆಗೆದಾಗ ಕೆಲವೇ ಸೆಕೆಂಡುಗಳಲ್ಲಿ ಮೆಸೇಜ್‌ಗಳು ಮತ್ತೆ ಹರಿಯಬೇಕು, ಟಿಕ್ ಪಡೆದ ಒಂದು ಮೆಸೇಜೂ ಕಳೆದಿರಬಾರದು. ಎರಡನೆಯ ಪರೀಕ್ಷೆಯನ್ನು ಹೆಚ್ಚಿನವರು ಮಾಡುವುದಿಲ್ಲ: ಲೀಡರಿನ ವಿದ್ಯುತ್ತನ್ನು ಹಾಗೆಯೇ ಬಿಟ್ಟು, ಉಳಿದೆರಡು ಸರ್ವರ್‌ಗಳೊಂದಿಗಿನ ಅದರ ಸಂಪರ್ಕವನ್ನು ಮಾತ್ರ ಕಡಿದು, ಅದಕ್ಕೆ ಅಂಟಿಕೊಂಡಿರುವ ಫೋನಿನಿಂದ ಒಂದು ಮೆಸೇಜ್ ಕಳುಹಿಸಿ ನೋಡುವುದು. ಆ ಮೆಸೇಜಿಗೆ ಟಿಕ್ ಬರಬಾರದು.