ಎಳೆದದ್ದಾ, ಬಿದ್ದದ್ದಾ?

ಎರಡು ವರ್ಷದ ಮಗು ಅಮ್ಮನ ತೊಡೆಯ ಮೇಲೆ ಕೂತಿದೆ. ಬಲಗೈಯಲ್ಲಿ ಬಿಸ್ಕತ್ತು ತಿನ್ನುತ್ತಿದೆ. ಎಡಗೈ ಮಾತ್ರ ಸ್ವಲ್ಪ ಮಡಚಿ ಮೈಗೆ ಅಂಟಿಸಿಕೊಂಡಿದೆ. ಊತ ಇಲ್ಲ, ಅಳುವೂ ಇಲ್ಲ. ಆ ಕೈ ಮುಟ್ಟಲು ಹೋದರೆ ಕಿರುಚುತ್ತದೆ.

"ಏನಾಯ್ತಮ್ಮಾ?"

"ಏನೂ ಆಗಿಲ್ಲ ಡಾಕ್ಟ್ರೇ. ಆಟ ಆಡ್ತಿತ್ತು, ಇದ್ದಕ್ಕಿದ್ದ ಹಾಗೆ ಕೈ ಎತ್ತೋದು ಬಿಡ್ತು."

ಮಕ್ಕಳ ಮೂಳೆ ವೈದ್ಯನಾಗಿ ಇಷ್ಟು ವರ್ಷ ಕೇಳಿಯೂ ಈ ಉತ್ತರಕ್ಕೆ ನನಗೆ ಬೇಸರವಾಗುತ್ತದೆ. ಏನೋ ಆಗಿರುತ್ತದೆ. ರಸ್ತೆ ದಾಟುವಾಗ ಯಾರೋ ಮಣಿಕಟ್ಟು ಹಿಡಿದು ಎಳೆದಿರುತ್ತಾರೆ. ಎರಡೂ ಕೈ ಹಿಡಿದು ಉಯ್ಯಾಲೆ ಆಡಿಸಿರುತ್ತಾರೆ. ಬಿಗಿಯಾದ ಸ್ವೆಟರ್ ತೋಳು ಜಗ್ಗಿರುತ್ತಾರೆ. ಅದನ್ನು ಹೇಳಲು ಸಂಕೋಚ, ಮನೆಯಲ್ಲಿ ಬೈಗುಳದ ಭಯ.

ಮೊಣಕೈ ಕೆಳಗೆ ಎರಡು ಮೂಳೆಗಳಿವೆ. ಹೆಬ್ಬೆರಳಿನ ಕಡೆಯ ಮೂಳೆಯ ಮೇಲ್ತುದಿ ದುಂಡಗಿರುತ್ತದೆ. ಅದನ್ನು ಬಳೆ ಥರ ಸುತ್ತಿಕೊಂಡು ಒಂದು ಪಟ್ಟಿ ಹಿಡಿದಿರುತ್ತದೆ. ಚಿಕ್ಕ ಮಕ್ಕಳಲ್ಲಿ ಈ ಬಳೆಯ ಹಿಡಿತ ಸಡಿಲ. ಕೈ ನೇರವಿದ್ದಾಗ ಜಗ್ಗಿದರೆ ಮೂಳೆ ಸ್ವಲ್ಪ ಕೆಳಗೆ ಜಾರಿ, ಬಳೆಯ ಅಂಚು ಕೀಲಿನೊಳಗೆ ಸಿಕ್ಕಿಕೊಳ್ಳುತ್ತದೆ. ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲೇ ಇದು ಜಾಸ್ತಿ. ಎಡಗೈಯಲ್ಲೇ ಹೆಚ್ಚು, ಯಾಕೆಂದರೆ ನಾವು ಬಲಗೈಯಲ್ಲಿ ಹಿಡಿಯುವುದು ಮಗುವಿನ ಎಡಗೈಯನ್ನೇ ಅಲ್ವಾ? ಮಗು ಮಣಿಕಟ್ಟು ತೋರಿಸಿ ಅಲ್ಲಿ ನೋವು ಅನ್ನಬಹುದು. ತೊಂದರೆ ಇರುವುದು ಮೊಣಕೈಯಲ್ಲಿ.

ಇಂಗ್ಲಿಷಿನಲ್ಲಿ ಇದಕ್ಕೆ 'ನರ್ಸ್‌ಮೇಡ್ಸ್ ಎಲ್ಬೋ' ಅಂತಲೂ ಹೆಸರಿದೆ. ಮಗು ನೋಡಿಕೊಳ್ಳುವ ಆಯಾಳ ತಲೆಗೆ ತಪ್ಪು ಕಟ್ಟುವ ಹೆಸರು. ನನಗದು ಹಿಡಿಸುವುದಿಲ್ಲ. ಅಪ್ಪ, ಅಮ್ಮ, ಅಜ್ಜಿ, ಅಕ್ಕ, ಎಲ್ಲರ ಕೈಯಲ್ಲೂ ಇದು ಆಗುತ್ತದೆ, ಪ್ರೀತಿಯಿಂದ ಆಡಿಸುವಾಗಲೇ ಆಗುತ್ತದೆ.

ಒಮ್ಮೆ ಒಂದು ಮಗುವನ್ನು ಕೈಗೆ ಪಟ್ಟಿ ಕಟ್ಟಿದ ಸ್ಥಿತಿಯಲ್ಲಿ ಕರೆತಂದರು. ಮಂಚದಿಂದ ಬಿತ್ತು ಅಂತ ಮನೆಯವರು ಹೇಳಿದ್ದರಿಂದ ಬೇರೆ ಕಡೆ ಎಕ್ಸ್‌ರೇ ತೆಗೆದಿದ್ದರು. ಅದರಲ್ಲಿ ಏನೂ ಕಂಡಿರಲಿಲ್ಲ. ಕಾಣುವುದೂ ಇಲ್ಲ, ಆ ಬಳೆ ಎಕ್ಸ್‌ರೇಗೆ ಸಿಗುವುದಿಲ್ಲ. ಎರಡು ದಿನವಾದರೂ ಮಗು ಕೈ ಎತ್ತಿರಲಿಲ್ಲ. ಎಲ್ಲರೂ ಹೊರಗೆ ಹೋದ ಮೇಲೆ ಅಜ್ಜಿ ಮೆಲ್ಲಗೆ ಹೇಳಿದರು: "ಬಸ್ಸು ಹೊರಟುಬಿಡ್ತಪ್ಪ. ಮೆಟ್ಟಿಲು ಎತ್ತರ. ಒಂದೇ ಕೈ ಹಿಡಿದು ಎತ್ತಿಬಿಟ್ಟೆ. ಸೊಸೆಗೆ ಹೇಳಬೇಡಿ." ಅಷ್ಟು ಸಾಕಾಯಿತು. ಪಟ್ಟಿ ಬಿಚ್ಚಿ, ಇನ್ನೊಮ್ಮೆ ಪೂರ್ತಿ ಪರೀಕ್ಷೆ ಮಾಡಿ, ಮುಂಗೈಯನ್ನು ಅಂಗೈ ಕೆಳಮುಖವಾಗುವಂತೆ ತಿರುಗಿಸಿದೆ. ಬೆರಳಿಗೆ ಟಕ್ ಅನ್ನಿಸಿತು. ಮಗು ಒಂದು ಸಲ ಅತ್ತಿತು. ಹತ್ತು ನಿಮಿಷದಲ್ಲಿ ಅದೇ ಕೈಯಿಂದ ಅಜ್ಜಿಯ ಕನ್ನಡಕ ಕಿತ್ತಿತು. ಪಾಪ, ಎರಡು ದಿನ ಮಗುವಿಗಿಂತ ಹೆಚ್ಚು ಒದ್ದಾಡಿದ್ದು ಅವರೇ. ಎಲ್ಲ ಮಕ್ಕಳಿಗೂ ಇಷ್ಟು ಬೇಗ ಗುಣವಾಗುತ್ತದೆ ಅಂತ ಹೇಳಲಾರೆ. ತಡವಾಗಿ ಬಂದರೆ ಕೈ ಆಡಿಸಲು ಇನ್ನಷ್ಟು ಹೊತ್ತು ಹಿಡಿಯಬಹುದು.

ಅದಕ್ಕೇ ಮತ್ತೆ ಮತ್ತೆ ಕೇಳುತ್ತೇನೆ: ಎಳೆದದ್ದಾ, ಬಿದ್ದದ್ದಾ? ನಿಮ್ಮನ್ನು ಕಟಕಟೆಯಲ್ಲಿ ನಿಲ್ಲಿಸಲು ಕೇಳುವುದಲ್ಲ. ಎಳೆದದ್ದೇ ಆಗಿದ್ದು ಊತ ಇಲ್ಲದಿದ್ದರೆ ಸಾಮಾನ್ಯವಾಗಿ ಎಕ್ಸ್‌ರೇ ಬೇಡ. ಬಿದ್ದಿದ್ದರೆ ಕತೆಯೇ ಬೇರೆ. ಕೈ ಊರಿ ಬಿದ್ದಾಗ ಮೊಣಕೈಗೆ ಸ್ವಲ್ಪ ಮೇಲೆ ಮೂಳೆ ಮುರಿಯಬಹುದು. ಅದರ ಮುಂದೆಯೇ ಕೈಗೆ ರಕ್ತ ಒಯ್ಯುವ ದೊಡ್ಡ ನಾಳ ಹೋಗುತ್ತದೆ, ನರಗಳೂ ಅಲ್ಲೇ. "ಉಳುಕಿರಬೇಕು" ಅಂತ ಎಣ್ಣೆ ಹಚ್ಚಿ ನೀವಿದರೆ ಮುರಿದ ತುದಿ ಅವುಗಳಿಗೇ ತಾಗಬಹುದು. ಬಿದಿರಿನ ಪಟ್ಟಿ ಇಟ್ಟು ಬಿಗಿಯಾಗಿ ಕಟ್ಟಿಸಿ ರಕ್ತ ಓಡದೆ, ಬೆರಳುಗಳು ಶಾಶ್ವತವಾಗಿ ಮುದುಡಿಹೋದ ಮಕ್ಕಳನ್ನು ನೋಡಿದ್ದೇನೆ. ಮೊಬೈಲಿನಲ್ಲಿ ವಿಡಿಯೋ ನೋಡಿ ಮನೆಯಲ್ಲೇ ಕೈ ತಿರುಗಿಸುವುದೂ ಬೇಡ. ಮುರಿದಿಲ್ಲ ಅಂತ ನಿಮಗೆ ಹೇಗೆ ಗೊತ್ತು?

ಒಮ್ಮೆ ಜಾರಿದ ಮೊಣಕೈ ಮತ್ತೆ ಜಾರಬಹುದು. ಐದು ವರ್ಷ ದಾಟಿದರೆ ಅಪರೂಪ. ಅಲ್ಲಿಯವರೆಗೆ ಎತ್ತುವಾಗ ಕಂಕುಳಿಗೆ ಕೈ ಕೊಟ್ಟು ಎತ್ತಿ.

ಮಗು ಬಿದ್ದು ಮೊಣಕೈ ಊದಿದ್ದರೆ, ಕೈ ಇದ್ದ ಹಾಗೇ ಒಂದು ಟವೆಲ್ ಸುತ್ತಿ ಆಸರೆ ಕೊಟ್ಟು ಆಸ್ಪತ್ರೆಗೆ ಕರೆತನ್ನಿ. ಬೆರಳು ಬಿಳಿಚಿದ್ದರೆ, ತಣ್ಣಗಾಗಿದ್ದರೆ ಅಥವಾ ಆಡದಿದ್ದರೆ ಬೆಳಿಗ್ಗೆಯವರೆಗೆ ಕಾಯಬೇಡಿ. ದಾರಿಯಲ್ಲಿ ಸಮಾಧಾನಕ್ಕೆ ಅಂತ ಹಾಲು, ಬಿಸ್ಕತ್ತು ಕೊಡಬೇಡಿ. ಆಪರೇಷನ್‌ಗೆ ಅರಿವಳಿಕೆ ಕೊಡಬೇಕಾಗಿ ಬಂದರೆ ಹೊಟ್ಟೆ ಖಾಲಿ ಇರಬೇಕು.