ಬಟ್ಟಲು ಕಪ್ಪಾದರೆ ಬೆಳ್ಳಿ ಎಲ್ಲಿ ಹೋಯಿತು?

ನಮ್ಮ ಮನೆಯಲ್ಲಿ ಬೆಳ್ಳಿ ಕಪ್ಪಾದರೆ ಕಾರಣ ರೆಡಿ ಇರುತ್ತಿತ್ತು. ಕಾಲ್ಗೆಜ್ಜೆ ಕಪ್ಪಾಯಿತೋ, ಮೈ ಉಷ್ಣ. ಕುಂಕುಮದ ಭರಣಿ ಕಪ್ಪಾಯಿತೋ, ಯಾರದೋ ದೃಷ್ಟಿ. ವಿಷ ತಾಗಿದರೆ ಬೆಳ್ಳಿ ಕಪ್ಪಾಗುತ್ತದೆ ಅನ್ನುವವರಂತೂ ಎಲ್ಲ ಕಡೆ ಇದ್ದಾರೆ. ಮೊಟ್ಟೆ ತಿಂದ ಬೆಳ್ಳಿ ಚಮಚವೂ ಕಪ್ಪಾಗುತ್ತದಲ್ವಾ, ಮೊಟ್ಟೆ ವಿಷವಾ?

ಬೆಳ್ಳಿ ಬಟ್ಟಲಿಗೆ ಎಷ್ಟು ಬೆಲೆಯಿತ್ತು ಅಂತ ತಿಳಿಯಬೇಕಾದರೆ ಅಮೆರಿಕದ ಪೆನ್ಸಿಲ್ವೇನಿಯಾಕ್ಕೆ ಹೋಗಿ ನೆಲೆಸಿದ ಜರ್ಮನ್ ರೈತರ ಚರ್ಚುಗಳನ್ನು ನೋಡಿ. 1742ರಲ್ಲಿ ಮ್ಯೂಲೆನ್‌ಬರ್ಗ್ ಎಂಬ ಲುಥೆರನ್ ಪಾದ್ರಿ ಅಲ್ಲಿಗೆ ಬಂದರು. ಮರುವರ್ಷವೇ ಟ್ರ್ಯಾಪ್ ಎಂಬಲ್ಲಿ ಚರ್ಚಿನ ಕಟ್ಟಡ ಎದ್ದಿತು. ಇಂಥ ಚರ್ಚುಗಳ ಭಕ್ತರ ಸಭೆಗಳ ಕೈಯಲ್ಲಿ ದುಡ್ಡು ಕಮ್ಮಿ. ಪ್ರಭು ಭೋಜನದ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ವಿಧಿಯ ಪಾತ್ರೆ ಎಷ್ಟೋ ಕಡೆ ತವರವೇ ಹೆಚ್ಚಿರುವ ಮಿಶ್ರಲೋಹ ಪ್ಯೂಟರ್‌ನದ್ದು. ಅಲ್ಲಿನ ಲ್ಯಾಂಕಾಸ್ಟರ್ ಊರಿನ ಹೈನೆ ಎಂಬ ಕುಶಲಿಗ ಅದರಲ್ಲಿ ಹೆಸರುವಾಸಿ. ಹಾಗಾಗಿ ಬೆಳ್ಳಿ ಬಟ್ಟಲು ಅಂದರೆ ಸಭೆಗೇ ದೊಡ್ಡ ಆಸ್ತಿ. ಮೊದಲು ದ್ರಾಕ್ಷಾರಸ ಕುಡಿಯುತ್ತಿದ್ದದ್ದು ಪಾದ್ರಿ ಮಾತ್ರ. ಹದಿನಾರನೇ ಶತಮಾನದಲ್ಲಿ ಜರ್ಮನಿಯ ಧರ್ಮಸುಧಾರಕ ಲೂಥರ್ ಎಲ್ಲರಿಗೂ ಕೊಡಿ ಅಂದ. ಬಟ್ಟಲ ಹೊಟ್ಟೆಯೂ ದೊಡ್ಡದಾಯಿತು, ಉಜ್ಜುವ ಕೆಲಸವೂ ಜಾಸ್ತಿಯಾಯಿತು.

ಈಗ ಕಪ್ಪಿನ ಕತೆ. ಗಾಳಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಚೂರುಪಾರು ಇದ್ದೇ ಇರುತ್ತದೆ. ಕೊಳೆತ ಮೊಟ್ಟೆಯ ವಾಸನೆ ಅದರದ್ದೇ. ಉಣ್ಣೆ ಬಟ್ಟೆ, ರಬ್ಬರ್, ಕಲ್ಲಿದ್ದಲ ಹೊಗೆಯಿಂದಲೂ ಗಂಧಕದ ಅನಿಲ ಬರುತ್ತದೆ. ಬೆಳ್ಳಿಗೆ ಈ ಗಂಧಕ ಕಂಡರೆ ವಿಪರೀತ ಮೋಹ. ಎರಡು ಬೆಳ್ಳಿ ಪರಮಾಣು, ನಡುವೆ ಒಂದು ಗಂಧಕ: ಒಂದೊಂದು ಬಗಲಲ್ಲಿ ಒಂದೊಂದು ಮಗು ಎತ್ತಿಕೊಂಡ ತಾಯಿಯ ಹಾಗೆ. ಇದೇ ಬೆಳ್ಳಿಯ ಸಲ್ಫೈಡ್. ಪೊರೆ ತೆಳ್ಳಗಿದ್ದಾಗ ಬಣ್ಣ ಹಳದಿ, ಆಮೇಲೆ ಕಂದು, ನೀಲಿ, ಕೊನೆಗೆ ಕಪ್ಪು. ಮಳೆ ನಿಂತ ರಸ್ತೆಯಲ್ಲಿ ಪೆಟ್ರೋಲ್ ಹನಿ ಕಾಮನಬಿಲ್ಲಾಗುತ್ತದಲ್ಲ, ಸಾಬೂನು ಗುಳ್ಳೆ ಮಿರುಗುತ್ತದಲ್ಲ, ಅದೇ ಆಟ. ಬೆಳಕು ಪೊರೆಯ ಮೇಲಿಂದಲೂ ಅಡಿಯಿಂದಲೂ ಹೊರಳಿ ಬಂದು ಒಂದನ್ನೊಂದು ಕೂಡುತ್ತದೆ, ಇಲ್ಲವೇ ಅಳಿಸುತ್ತದೆ.

ಬಟ್ಟಲ ಒಳಮೈಗೆ ಚಿನ್ನದ ಲೇಪ ಕೊಡುವ ಪದ್ಧತಿಯೂ ಇತ್ತು. ಚಿನ್ನಕ್ಕೆ ಗಂಧಕದ ಗೊಡವೆಯಿಲ್ಲ, ಹುಳಿ ದ್ರಾಕ್ಷಾರಸ ತಾಗಿದರೂ ಸುಮ್ನೆ ಇರುತ್ತದೆ.

ನನಗೆ ಮಜಾ ಅನ್ನಿಸುವ ಸಂಗತಿ ಬೇರೆ. ಆ ಕಪ್ಪು ಪೊರೆಯ ತೂಕದಲ್ಲಿ ಶೇ. 87ರಷ್ಟು ಬೆಳ್ಳಿಯೇ! ಅಂದರೆ ಕೊಳೆ ಅಂತ ಉಜ್ಜಿ ತೆಗೆಯುವುದು ಬಟ್ಟಲನ್ನೇ. ನಮ್ಮಜ್ಜಿ ಪ್ರತಿ ಹಬ್ಬಕ್ಕೂ ಭರಣಿಯನ್ನು ವಿಭೂತಿ ಹಾಕಿ ತಿಕ್ಕಿ ತಿಕ್ಕಿ, ಮುಚ್ಚಳದ ಮೇಲಿನ ಹೆಸರಲ್ಲಿ ಈಗ ಮೊದಲಕ್ಷರವೇ ಇಲ್ಲ.

ಅಲ್ಯೂಮಿನಿಯಂ ಹಾಳೆ, ಅಡುಗೆ ಸೋಡಾ, ಬಿಸಿನೀರು ಸೇರಿಸಿದರೆ ಗಂಧಕ ಬೆಳ್ಳಿಯನ್ನು ಬಿಟ್ಟು ಹೋಗುತ್ತದೆ, ಬೆಳ್ಳಿ ಉಳಿಯುತ್ತದೆ. ಆದರೆ ಹಳೇ ಬಟ್ಟಲನ್ನು ಹಾಗೆ ಅದ್ದಿದರೆ ಮೈ ಮಂಕಾಗುತ್ತದೆ, ಕೆತ್ತನೆಯ ಸಂದಿಯ ಕಪ್ಪೂ ಹೋಗಿಬಿಡುತ್ತದೆ. ಮ್ಯೂಸಿಯಂನವರು ಆ ಕಪ್ಪನ್ನು ಎಷ್ಟೋ ಸಲ ಬೇಕಂತಲೇ ಬಿಡುತ್ತಾರೆ. ಅದಿದ್ದರೇ ಬಟ್ಟಲ ಮೇಲೆ ಕೆತ್ತಿದ ಹೆಸರು ಓದಲು ಬರುವುದು.