ಸಪ್ಪೆ ವೈರಸ್ ಎರಡು ಸೇರಿ ಖಡಕ್ ಆಗುವುದು ಹೇಗೆ?

ಗದಗದಲ್ಲಿ ನನ್ನ ಜೊತೆ ವೆಟರ್ನರಿ ಓದುತ್ತಿರುವವರಿಗೆ ಈ ಟಿಪ್ಪಣಿ. ರಿಕಾಂಬಿನೇಷನ್ (ಎರಡು ವೈರಸ್‌ಗಳ ಜೀನೋಮ್ ತುಂಡುಗಳು ಅದಲುಬದಲಾಗುವುದು) ಅಂದರೆ ಸುಮ್ನೆ ವ್ಯಾಖ್ಯೆ ಉರು ಹೊಡೆಯಬೇಡಿ. ಆಸ್ಟ್ರೇಲಿಯಾದ ಐಎಲ್‌ಟಿ ಪ್ರಕರಣ ತಿಳಿದರೆ ಸಾಕು.

ಐಎಲ್‌ಟಿ ಅಂದರೆ ಇನ್‌ಫೆಕ್ಷಿಯಸ್ ಲ್ಯಾರಿಂಗೋಟ್ರೇಕೈಟಿಸ್. ಕೋಳಿ ಕತ್ತು ಚಾಚಿ, ಬಾಯಿ ತೆರೆದು ಉಸಿರಿಗೆ ಒದ್ದಾಡುತ್ತದೆ. ಕೆಮ್ಮಿದರೆ ಪಂಜರದ ಮೇಲೆಲ್ಲ ರಕ್ತದ ಕಲೆ. ಸತ್ತ ಕೋಳಿಯ ಶ್ವಾಸನಾಳ ಸೀಳಿದರೆ ಒಳಗೆ ಹೆಪ್ಪುಗಟ್ಟಿದ ರಕ್ತ ಸಿಗುತ್ತದೆ. ರೋಗ ತರುವುದು ಹರ್ಪಿಸ್ ಗುಂಪಿನ ಡಿಎನ್‌ಎ ವೈರಸ್. ಅದರ ಜೀನೋಮ್, ಅಂದರೆ ಡಿಎನ್‌ಎಯ ಪೂರ್ತಿ ಬರಹ, ಸುಮಾರು 1,50,000 ಬೇಸ್ ಜೋಡಿ (ಅಕ್ಷರಗಳಿದ್ದ ಹಾಗೆ).

ಆಸ್ಟ್ರೇಲಿಯಾದಲ್ಲಿ ಮೊದಲಿಂದ ಎಸ್‌ಎ2, ಎ20 ಎಂಬ ಜೀವಂತ ಲಸಿಕೆಗಳಿದ್ದವು, ಅಂದರೆ ಬಲ ಕುಗ್ಗಿಸಿ ಸಪ್ಪೆ ಮಾಡಿದ ಐಎಲ್‌ಟಿ ವೈರಸ್‌ಗಳು. ಎರಡೂ ಒಂದೇ ಮನೆತನದವು. 2006ರಲ್ಲಿ ಯುರೋಪ್ ಮೂಲದ ಸರ್ವಾ ಎಂಬ ಇನ್ನೊಂದು ಜೀವಂತ ಲಸಿಕೆ ಬಂತು. ಆಮೇಲೆ ಕ್ಲಾಸ್ 8, ಕ್ಲಾಸ್ 9 ಎಂಬ ಹೊಸ ವೈರಸ್‌ಗಳು ಫಾರಂಗಳಲ್ಲಿ ಕೋಳಿ ಕೊಲ್ಲತೊಡಗಿದವು. ಮೆಲ್ಬರ್ನ್ ವಿಶ್ವವಿದ್ಯಾಲಯದವರು ಪೂರ್ತಿ ಜೀನೋಮ್ ಓದಿ ನೋಡಿದರೆ ಒಂದಷ್ಟು ಭಾಗ ಸರ್ವಾದ್ದು, ಉಳಿದದ್ದು ಆಸ್ಟ್ರೇಲಿಯಾದ ಲಸಿಕೆಯದ್ದು! 2012ರಲ್ಲಿ ಇದು 'ಸೈನ್ಸ್' ಪತ್ರಿಕೆಯಲ್ಲಿ ಬಂತು.

ಎರಡೂ ಲಸಿಕೆ ವೈರಸ್ ಸಪ್ಪೆ ಅಲ್ವಾ, ಮತ್ತೆ ಖಡಕ್ ಹೇಗಾಯಿತು? ನನಗೆ ಇದೇ ಮುಖ್ಯ ಅನ್ನಿಸುವುದು. ಒಂದರಲ್ಲಿ ಕೆಟ್ಟಿರುವ ಜಾಗ ಬೇರೆ, ಇನ್ನೊಂದರಲ್ಲಿ ಕೆಟ್ಟಿರುವ ಜಾಗ ಬೇರೆ. ಎರಡೂ ಒಂದೇ ಕೋಳಿಯ ಒಂದೇ ಜೀವಕೋಶಕ್ಕೆ ಹೊಕ್ಕರೆ ಡಿಎನ್‌ಎ ನಕಲಾಗುವಾಗ ತುಂಡುಗಳು ಅದಲುಬದಲಾಗುತ್ತವೆ. ಒಬ್ಬನ ನೋಟ್ಸ್ ಅರ್ಧ ಬರೆದುಕೊಂಡು, ಮುಂದಿನದನ್ನು ಇನ್ನೊಬ್ಬನ ನೋಟ್ಸ್ ನೋಡಿ ಮುಗಿಸಿದ ಹಾಗೆ. ಇಬ್ಬರ ತಪ್ಪುಗಳೂ ಬಿಟ್ಟುಹೋಗಿ, ಸರಿಯಾದ ಪುಟಗಳೇ ಸೇರಿಕೊಂಡರೆ ಮುಗೀತು ಕಥೆ. ಇದು ಮ್ಯುಟೇಷನ್ ಅಲ್ಲ. ಹೊಸ ಅಕ್ಷರ ಹುಟ್ಟಬೇಕಿಲ್ಲ, ಇದ್ದದ್ದೇ ಜಾಗ ಬದಲಿಸುತ್ತದೆ. ಇನ್ನೊಂದು ಮಾತು: ಈ ಲಸಿಕೆ ವೈರಸ್ ಕೋಳಿಯಿಂದ ಕೋಳಿಗೆ ಹರಡುತ್ತದೆ, ನರದ ಗಂಟಿನಲ್ಲಿ ಅಡಗಿಯೂ ಕೂರುತ್ತದೆ. ಹಾಗಾಗಿ ಅವು ಬೆರೆಯಲು ಎರಡನ್ನೂ ಒಂದೇ ದಿನ ಕೊಟ್ಟಿರಬೇಕೆಂದೇನೂ ಇಲ್ಲ.

ರಾಣೆಬೆನ್ನೂರು ಕಡೆ ಫಾರಂನವರು ಕೇಳಬಹುದು: "ಏಳನೇ ದಿನ ಲಸೋಟಾ, ಆಮೇಲೆ ಗುಂಬೋರೊ ಕೊಡ್ತೀವಲ್ರೀ, ಅವೂ ಬೆರೀತಾವೇನ್ರಿ?" ಇಲ್ಲ. ಲಸೋಟಾ ರಾಣಿಖೇತ್ ರೋಗದ ಲಸಿಕೆ, ಗುಂಬೋರೊ ಇನ್ನೊಂದು ಕೋಳಿ ರೋಗದ ಲಸಿಕೆ; ಅವು ಬೇರೆ ಬೇರೆ ಕುಟುಂಬದ ವೈರಸ್‌ಗಳು. ಅದಲುಬದಲಿಗೆ ಹೋಲುವ ಜೀನೋಮ್ ಬೇಕು. ಹೆದರಿ ಲಸಿಕೆ ನಿಲ್ಲಿಸಿದರೆ ನಷ್ಟ ಜಾಸ್ತಿ. ಕಣ್ಣಿಡಬೇಕಾದ್ದು ಐಬಿ (ಇನ್‌ಫೆಕ್ಷಿಯಸ್ ಬ್ರಾಂಕೈಟಿಸ್) ವೈರಸ್ ಮೇಲೆ. ಅದು ಕೊರೊನಾ ಗುಂಪಿನ ಆರ್‌ಎನ್‌ಎ ವೈರಸ್, ನಕಲಿನ ನಡುವೆ ಒಂದು ಅಚ್ಚುಪ್ರತಿ ಬಿಟ್ಟು ಇನ್ನೊಂದಕ್ಕೆ ಹಾರುವುದು ಅದಕ್ಕೆ ಮಾಮೂಲು.

ತಡೆಯುವ ದಾರಿ ಕೇಳಿದರೆ ಎರಡು ಬರೆಯಿರಿ. ಒಂದೇ ಹಿಂಡಿಗೆ ಬೇರೆ ಬೇರೆ ಮೂಲದ ಜೀವಂತ ಐಎಲ್‌ಟಿ ಲಸಿಕೆ ಹಾಕಬಾರದು. ಇಲ್ಲವೇ ವೆಕ್ಟರ್ ಲಸಿಕೆ ಬಳಸಬೇಕು. ಅದರಲ್ಲಿ ಬೇರೊಂದು ವೈರಸ್ ಹೊತ್ತು ತರುವ ಐಎಲ್‌ಟಿಯ ಒಂದೆರಡು ಜೀನ್ ಮಾತ್ರ ಇರುತ್ತವೆ, ಇಡೀ ಐಎಲ್‌ಟಿ ವೈರಸ್ ಇರುವುದಿಲ್ಲ.